ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗೆ ಪ್ರೋಗ್ರಾಂ ಬರೆಯುವ ಹವ್ಯಾಸ: 24 ಕೆಬಿಯೊಳಗೆ ಹೇಗೆ ಶುರುಮಾಡುವುದು

ಸಮೀಕರಣ ಕೊಟ್ಟರೆ ಅದರ ರೇಖೆಯನ್ನು ಪರದೆಯ ಮೇಲೆ ಬರೆದು ತೋರಿಸುವ ಕ್ಯಾಲ್ಕುಲೇಟರ್ ಮೊದಲು ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಅದು ಕ್ಯಾಸಿಯೋದ ಎಫ್ಎಕ್ಸ್-7000ಜಿ. ಪ್ರೋಗ್ರಾಂ ಬರೆದುಕೊಳ್ಳಲು ಅದರಲ್ಲಿದ್ದ ಜಾಗ 422 ಬೈಟ್ ಮಾತ್ರ. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಟಿಐ-81 ಅನ್ನು ತಂದಿತು. ಅದೇ ಸಾಲಿನಲ್ಲಿ 1999ರಲ್ಲಿ ಟಿಐ-83 ಪ್ಲಸ್, 2004ರಲ್ಲಿ ಟಿಐ-84 ಪ್ಲಸ್, 2015ರಲ್ಲಿ ಬಣ್ಣದ ಪರದೆಯ ಟಿಐ-84 ಪ್ಲಸ್ ಸಿಇ ಬಂದವು. ಅಮೆರಿಕದ ಹೈಸ್ಕೂಲುಗಳಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವುದು ಇವೇ. ಅಲ್ಲಿರುವ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಮಕ್ಕಳ ಬ್ಯಾಗಿನಲ್ಲಿ ಒಂದು, ಅವರ ಅಣ್ಣನೋ ಅಕ್ಕನೋ ಬಿಟ್ಟುಹೋದದ್ದು ಡ್ರಾಯರಿನಲ್ಲಿ ಇನ್ನೊಂದು ಇರುತ್ತದೆ.

ಆ ಡ್ರಾಯರಿನಲ್ಲಿರುವುದು ಬರೀ ಲೆಕ್ಕದ ಯಂತ್ರವಲ್ಲ. ಟಿಐ-84 ಪ್ಲಸ್‌ನ ಒಳಗಿರುವುದು ಜೈಲಾಗ್ ಕಂಪನಿ 1976ರಲ್ಲಿ ಹೊರತಂದ ಝಡ್80 ಪ್ರೊಸೆಸರ್. 1982ರ ಝಡ್ಎಕ್ಸ್ ಸ್ಪೆಕ್ಟ್ರಂ ಎಂಬ ಹೋಮ್ ಕಂಪ್ಯೂಟರಿನಲ್ಲಿ ಇದ್ದದ್ದೂ ಅದೇ. ಇಲ್ಲಿ ಅದು 15 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಪರದೆ 96 ಅಡ್ಡ, 64 ಉದ್ದ ಚುಕ್ಕೆಗಳದ್ದು. ನಿಮ್ಮ ಬಳಕೆಗೆ ಸಿಗುವ ರ್‍ಯಾಮ್ ಸುಮಾರು 24 ಕೆಬಿ, ಶಾಶ್ವತವಾಗಿ ಇಟ್ಟುಕೊಳ್ಳಲು ಫ್ಲ್ಯಾಶ್ 480 ಕೆಬಿ.

ಈ ಹವ್ಯಾಸದ ಸತ್ವ ಇರುವುದು ಈ ಸಣ್ಣ ಸಂಖ್ಯೆಗಳಲ್ಲೇ. ಫೋನಿನ ಒಂದು ಆ್ಯಪ್ ಬರೆದರೆ, ನೀವು ಬರೆದ ಸಾಲಿನ ಕೆಳಗೆ ಬೇರೆಯವರು ಬರೆದ ಲಕ್ಷಾಂತರ ಸಾಲುಗಳು ಇರುತ್ತವೆ. ಅಲ್ಲಿ ಏನಾಗುತ್ತಿದೆ ಎಂದು ಪೂರ್ತಿ ತಿಳಿಯುವುದು ಆಗದ ಮಾತು. ಇಲ್ಲಿ ಕೀ ಒತ್ತಿದಾಗಿನಿಂದ ಚುಕ್ಕೆ ಕಪ್ಪಾಗುವವರೆಗಿನ ಇಡೀ ದಾರಿಯನ್ನು ಒಬ್ಬರೇ ಅರ್ಥಮಾಡಿಕೊಳ್ಳಬಹುದು. ಒಂದು ಬೈಟ್ ಉಳಿಸಿದರೆ ಲೆಕ್ಕಕ್ಕೆ ಬರುತ್ತದೆ, ಒಂದು ಸಾಲು ತೆಗೆದರೆ ಆಟದ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ.

ಯಾವ ಯಂತ್ರ ಹಿಡಿಯಬೇಕು

ಕಲಿಯಲು ಕಪ್ಪುಬಿಳುಪಿನ ಟಿಐ-84 ಪ್ಲಸ್ ಅಥವಾ ಟಿಐ-83 ಪ್ಲಸ್ ಒಳ್ಳೆಯದು. ಎರಡರ ಭಾಷೆ ಹೆಚ್ಚುಕಡಿಮೆ ಒಂದೇ. 83 ಪ್ಲಸ್ 6 ಮೆಗಾಹರ್ಟ್ಸ್‌ನದು, ಅಷ್ಟರಮಟ್ಟಿಗೆ ನಿಧಾನ. ದೊಡ್ಡ ವ್ಯತ್ಯಾಸ ಕೇಬಲ್‌ನಲ್ಲಿದೆ. 84 ಪ್ಲಸ್‌ನಲ್ಲಿ ಮಿನಿ ಯುಎಸ್‌ಬಿ ಕಿಂಡಿ ಇದೆ, 83 ಪ್ಲಸ್‌ನಲ್ಲಿ 2.5 ಮಿಮೀ ಸುತ್ತಿನ ಕಿಂಡಿ ಮಾತ್ರ ಇದ್ದು ಅದಕ್ಕೆ ಬೇರೆಯದೇ ಲಿಂಕ್ ಕೇಬಲ್ ಹುಡುಕಬೇಕು. ಆಯ್ಕೆ ಇದ್ದರೆ 84 ಪ್ಲಸ್ ತೆಗೆದುಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮೊದಲು ಬ್ಯಾಟರಿ ಮುಚ್ಚಳ ತೆಗೆದು ನೋಡಿ. ಸ್ಪ್ರಿಂಗ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಹಳೆಯ ಸೆಲ್ ಸೋರಿದೆ ಎಂದರ್ಥ. ಸ್ವಲ್ಪವೇ ಇದ್ದರೆ ಹತ್ತಿಯ ಕಡ್ಡಿಗೆ ಬಿಳಿ ವಿನೆಗರ್ ತಾಕಿಸಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ನಾಲ್ಕು ಎಎಎ ಸೆಲ್ ಹಾಕಿ. ಸ್ಪ್ರಿಂಗೇ ತಿಂದುಹೋಗಿದ್ದರೆ ಬೇಡ. ಆನ್ ಮಾಡಿ ಪರದೆಯಲ್ಲಿ ಯಾವುದಾದರೂ ಅಡ್ಡ ಅಥವಾ ಉದ್ದ ಸಾಲು ಪೂರ್ತಿ ಮಾಯವಾಗಿದೆಯೇ ನೋಡಿ; ಇದ್ದರೆ ಅದು ಒಳಗಿನ ಜೋಡಣೆಯ ತೊಂದರೆ, ಸುಲಭಕ್ಕೆ ಸರಿಹೋಗುವುದಿಲ್ಲ. ಪರದೆ ಬರೀ ಮಸುಕಾಗಿದ್ದರೆ ಗಾಬರಿ ಬೇಡ. ಸೆಕೆಂಡ್ (2nd) ಕೀ ಒತ್ತಿ ಬಿಟ್ಟು, ಮೇಲಿನ ಬಾಣದ ಕೀ ಹಿಡಿದರೆ ಕಪ್ಪು ಹೆಚ್ಚುತ್ತದೆ. ಆಗ ಮೂಲೆಯಲ್ಲಿ 0ರಿಂದ 9ರವರೆಗಿನ ಅಂಕಿ ಕಾಣುತ್ತದೆ. ಅದನ್ನು 8 ಅಥವಾ 9ಕ್ಕೆ ಒಯ್ದರೆ ಮಾತ್ರ ಓದಲಾಗುತ್ತಿದ್ದರೆ ಸೆಲ್ ಬದಲಿಸುವ ಹೊತ್ತು ಬಂದಿದೆ.

ಕರ್ನಾಟಕದಲ್ಲಿರುವವರಿಗೆ ಇಂಥ ಯಂತ್ರ ಕಣ್ಣಿಗೆ ಬೀಳುವುದೇ ಅಪರೂಪ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿರುವುದು ಪ್ರೋಗ್ರಾಂ ಹಾಕಲು ಬಾರದ ಸೈಂಟಿಫಿಕ್ ಕ್ಯಾಲ್ಕುಲೇಟರ್. ಗೇಟ್ ಪರೀಕ್ಷೆಯಲ್ಲಂತೂ ಕಂಪ್ಯೂಟರ್ ಪರದೆಯ ಮೇಲಿನದನ್ನೇ ಬಳಸಬೇಕು. ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕಾಗುವುದು ಬೆಂಗಳೂರಿನ, ಅಂತರರಾಷ್ಟ್ರೀಯ ಪಠ್ಯಕ್ರಮದ ಐಬಿ ಶಾಲೆಗಳಂಥ ಕಡೆ ಮಾತ್ರ. ಯಂತ್ರವಿಲ್ಲದೆ ರುಚಿ ನೋಡಬೇಕೆಂದರೆ ಸುಲಭದ ದಾರಿ ಫ್ರಾನ್ಸಿನ ನಮ್‌ವರ್ಕ್ಸ್. 2017ರಲ್ಲಿ ಬಂದ ಈ ಕ್ಯಾಲ್ಕುಲೇಟರಿನ ಸಿಮ್ಯುಲೇಟರ್ ಬ್ರೌಸರಿನಲ್ಲೇ ಉಚಿತವಾಗಿ ಓಡುತ್ತದೆ, ಅದರಲ್ಲಿ ಪೈಥಾನ್ ಬರೆಯಬಹುದು. ಟಿಐಗೆ ವ್ಯಾಬಿಟ್‌ಎಮು, ಬಣ್ಣದ ಸಿಇಗೆ ಸಿಎಮು ಎಂಬ ಎಮ್ಯುಲೇಟರುಗಳಿವೆ, ಅಂದರೆ ಕ್ಯಾಲ್ಕುಲೇಟರನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರುಗಳು. ಇವಕ್ಕೆ ಕ್ಯಾಲ್ಕುಲೇಟರಿನ ರಾಮ್ (ROM) ಫೈಲ್, ಅಂದರೆ ಅದರ ಒಳಗಿನ ಮೂಲ ಸಾಫ್ಟ್‌ವೇರಿನ ಪ್ರತಿ ಬೇಕು. ಅದು ಟಿಐ ಹಕ್ಕುಸ್ವಾಮ್ಯದ್ದು, ಆದ್ದರಿಂದ ನಿಮ್ಮದೇ ಯಂತ್ರದಿಂದ ಇಳಿಸಿಕೊಳ್ಳುವುದು ಸರಿಯಾದ ಕ್ರಮ.

ಕೆಳಗಿನ ವಿವರವೆಲ್ಲ ಕಪ್ಪುಬಿಳುಪಿನ ಟಿಐ-84 ಪ್ಲಸ್‌ಗೆ, ಅದರ ಒಳಗೇ ಇರುವ ಟಿಐ-ಬೇಸಿಕ್ ಭಾಷೆಗೆ ಸಂಬಂಧಿಸಿದ್ದು.

ಅಕ್ಷರವಲ್ಲ, ಟೋಕನ್

ಹೊಸಬರು ಮೊದಲು ಎಡವುವುದು ಇಲ್ಲಿ. ಪರದೆಯ ಮೇಲೆ ಬರೆಯಿಸುವ ಆಜ್ಞೆ ಡಿಸ್ಪ್. ಅದನ್ನು ಆಲ್ಫಾ ಕೀ ಒತ್ತಿ ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದರೆ ನೋಡಲು ಸರಿಯಾಗೇ ಕಾಣಬಹುದು, ಓಡಿಸಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಕ್ಯಾಲ್ಕುಲೇಟರ್ ಆಜ್ಞೆಗಳನ್ನು ಅಕ್ಷರಗಳಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿ ಆಜ್ಞೆಗೂ ಒಂದು ಅಥವಾ ಎರಡು ಬೈಟಿನ ಸಂಕೇತವಿದೆ, ಅದನ್ನೇ ಟೋಕನ್ ಅನ್ನುವುದು. ಮೆನುವಿನಿಂದ ಆರಿಸಿದ ಡಿಸ್ಪ್ ಒಂದೇ ಬೈಟ್. ಎಡಿಟರಿನಲ್ಲಿ ಅದರ ಮೇಲೆ ಕರ್ಸರ್ ಇಟ್ಟು ಡೆಲ್ ಒತ್ತಿದರೆ ಪದವಿಡೀ ಒಮ್ಮೆಗೇ ಮಾಯವಾಗುವುದರಿಂದ ಇದು ಗೊತ್ತಾಗುತ್ತದೆ. 24 ಕೆಬಿಯಲ್ಲಿ ಅಷ್ಟು ದೊಡ್ಡ ಪ್ರೋಗ್ರಾಂಗಳು ಹಿಡಿಸುವುದೂ ಇದರಿಂದಲೇ.

ಪಿಆರ್‌ಜಿಎಂ ಕೀ ಒತ್ತಿ, ಬಲಬಾಣದಿಂದ ನ್ಯೂ ಕಾಲಂಗೆ ಹೋಗಿ ಎಂಟರ್ ಒತ್ತಿ. ಹೆಸರು ಕೇಳುತ್ತದೆ. ಎಂಟು ಅಕ್ಷರ ಮೀರಬಾರದು, ಅಂಕಿಯಿಂದ ಶುರುವಾಗಬಾರದು. ಹೆಸರು ಕೊಟ್ಟು ಎಂಟರ್ ಒತ್ತಿದರೆ ಖಾಲಿ ಎಡಿಟರ್ ತೆರೆಯುತ್ತದೆ. ಇದರೊಳಗೆ ಮತ್ತೆ ಪಿಆರ್‌ಜಿಎಂ ಒತ್ತಿದರೆ ಆಜ್ಞೆಗಳ ಮೆನು ಬರುತ್ತದೆ: ಸಿಟಿಎಲ್ ಕಾಲಂನಲ್ಲಿ ಇಫ್, ದೆನ್, ಫಾರ್, ರಿಪೀಟ್, ಎಂಡ್ ಮುಂತಾದವು, ಐಒ ಕಾಲಂನಲ್ಲಿ ಪ್ರಾಂಪ್ಟ್ 2ನೆಯದು, ಡಿಸ್ಪ್ 3ನೆಯದು, ಔಟ್‌ಪುಟ್ 6, ಗೆಟ್‌ಕೀ 7, ಕ್ಲಿಯರ್‌ಹೋಮ್ 8. ಸಮಚಿಹ್ನೆ, ಹೆಚ್ಚು ಕಡಿಮೆ ಚಿಹ್ನೆಗಳು ಸೆಕೆಂಡ್ ಮತ್ತು ಮ್ಯಾಥ್ ಒತ್ತಿದರೆ ಬರುವ ಟೆಸ್ಟ್ ಮೆನುವಿನಲ್ಲಿವೆ. ಎಡಗಡೆಯ ಬೆಲೆಯನ್ನು ಬಲಗಡೆಯ ಅಕ್ಷರದಲ್ಲಿ ಇಡುವ ಬಾಣದ ಗುರುತು ಎಸ್‌ಟಿಒ ಕೀ. ಉದ್ಧರಣ ಚಿಹ್ನೆಗೆ ಆಲ್ಫಾ ಮತ್ತು ಕೂಡು ಕೀ, ಖಾಲಿ ಜಾಗಕ್ಕೆ ಆಲ್ಫಾ ಮತ್ತು ಸೊನ್ನೆ.

1ರಿಂದ 100ರೊಳಗೆ ಯಂತ್ರ ಇಟ್ಟುಕೊಂಡ ಸಂಖ್ಯೆಯನ್ನು ಊಹಿಸುವ ಆಟ ಇದು. ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವು ಇಂಗ್ಲಿಷಿನಲ್ಲಿ ಕಾಣುತ್ತವೆ, ಎ, ಬಿ, ಜಿ, ಎನ್ ಎಂದಿರುವುದೆಲ್ಲ ಒಂದೊಂದು ಇಂಗ್ಲಿಷ್ ಅಕ್ಷರ.

ರ್‍ಯಾಂಡ್‌ಇಂಟ್(1,100)→ಎನ್
0→ಸಿ
ರಿಪೀಟ್ ಜಿ=ಎನ್
ಪ್ರಾಂಪ್ಟ್ ಜಿ
ಸಿ+1→ಸಿ
ಇಫ್ ಜಿ<ಎನ್
ಡಿಸ್ಪ್ "ಇನ್ನೂ ದೊಡ್ಡದು"
ಇಫ್ ಜಿ>ಎನ್
ಡಿಸ್ಪ್ "ಇನ್ನೂ ಚಿಕ್ಕದು"
ಎಂಡ್
ಡಿಸ್ಪ್ "ಸರಿ",ಸಿ

ರ್‍ಯಾಂಡ್‌ಇಂಟ್ ಇರುವುದು ಮ್ಯಾಥ್ ಮೆನುವಿನ ಪಿಆರ್‌ಬಿ ಕಾಲಂನಲ್ಲಿ, 5ನೆಯದು. ಉದ್ಧರಣದೊಳಗಿನ ಮಾತುಗಳನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಟೈಪ್ ಮಾಡಬೇಕು, ಒಂದು ಸಾಲಿಗೆ 16 ಅಕ್ಷರ ಹಿಡಿಸುತ್ತದೆ. ಸೆಕೆಂಡ್ ಮತ್ತು ಮೋಡ್ ಒತ್ತಿ ಹೊರಗೆ ಬನ್ನಿ. ಉಳಿಸುವ ಬಟನ್ ಇಲ್ಲ, ಬರೆದದ್ದು ಆಗಲೇ ಉಳಿದಿರುತ್ತದೆ. ಪಿಆರ್‌ಜಿಎಂ ಒತ್ತಿ, ಎಕ್ಸಿಕ್ಯೂಟ್ ಪಟ್ಟಿಯಿಂದ ಹೆಸರು ಆರಿಸಿ, ಎರಡು ಸಲ ಎಂಟರ್ ಒತ್ತಿ.

ಇಲ್ಲಿ ವೈಲ್ ಬಳಸದೆ ರಿಪೀಟ್ ಬಳಸಿದ್ದಕ್ಕೆ ಕಾರಣವಿದೆ. ವೈಲ್ ಲೂಪಿನ, ಅಂದರೆ ಮತ್ತೆ ಮತ್ತೆ ಓಡುವ ಭಾಗದ, ಷರತ್ತನ್ನು ಆರಂಭದಲ್ಲೇ ನೋಡುತ್ತದೆ, ರಿಪೀಟ್ ಎಂಡ್ ತಲುಪಿದ ಮೇಲೆ ನೋಡುತ್ತದೆ. ಈ ಭಾಷೆಯಲ್ಲಿ ಪ್ರೋಗ್ರಾಂ ಮುಗಿದರೂ ಬೆಲೆ ಹಿಡಿದಿಡುವ ಜಿ, ಎನ್ ಥರದ ವೇರಿಯಬಲ್‌ಗಳ ಬೆಲೆ ಅಳಿಯುವುದಿಲ್ಲ. ಹಿಂದಿನ ಸಲದ ಜಿ ಹಾಗೇ ಉಳಿದಿರುತ್ತದೆ. ಹೊಸ ಎನ್ ಅಕಸ್ಮಾತ್ ಅದಕ್ಕೇ ಸಮವಾದರೆ, ವೈಲ್ ಬಳಸಿದ ಆಟ ಒಂದು ಪ್ರಶ್ನೆಯನ್ನೂ ಕೇಳದೆ ಮುಗಿದುಹೋಗುತ್ತದೆ. ನೂರಕ್ಕೊಮ್ಮೆ ಮಾತ್ರ ತಲೆ ತೋರಿಸುವ ಇಂಥ ತಪ್ಪನ್ನು ಹುಡುಕುವುದು ಕಷ್ಟ.

ಎರರ್ ಬಂದಾಗ ಕ್ವಿಟ್, ಗೋಟು ಎಂಬ ಎರಡು ಆಯ್ಕೆ ತೋರಿಸುತ್ತದೆ. ಗೋಟು ಆರಿಸಿದರೆ ತಪ್ಪಿರುವ ಜಾಗಕ್ಕೇ ಕರ್ಸರ್ ಹೋಗಿ ನಿಲ್ಲುತ್ತದೆ. ಸಿಂಟ್ಯಾಕ್ಸ್ ಎರರ್ ಬಂದು, ಆಜ್ಞೆಯೆಲ್ಲ ಸರಿಯಿದೆ ಅನಿಸಿದರೆ ಋಣ ಚಿಹ್ನೆಯನ್ನು ನೋಡಿ. ಕಳೆಯುವ ಕೀ ಬೇರೆ, ಎಂಟರ್ ಪಕ್ಕ ಆವರಣದೊಳಗೆ ಗೆರೆಯಿರುವ ಋಣಸಂಖ್ಯೆಯ ಕೀ ಬೇರೆ. ಪರದೆಯ ಮೇಲೆ ಎರಡೂ ಗೆರೆಗಳೇ, ಒಂದು ಸ್ವಲ್ಪ ಗಿಡ್ಡ, ಅಷ್ಟೇ.

ಎಡಿಟರಿನ ಎರಡು ಅಪಾಯಗಳನ್ನೂ ತಿಳಿದಿರಬೇಕು. ಸುಮ್ಮನೆ ಟೈಪ್ ಮಾಡಿದರೆ ಅದು ಇರುವುದರ ಮೇಲೇ ಬರೆಯುತ್ತದೆ; ನಡುವೆ ಸೇರಿಸಲು ಸೆಕೆಂಡ್, ಡೆಲ್ ಒತ್ತಬೇಕು. ಅದಾದ ಮೇಲೆ ಎಂಟರ್ ಒತ್ತಿದರೆ ಹೊಸ ಸಾಲು ಸೇರುತ್ತದೆ. ಕ್ಲಿಯರ್ ಕೀ ಒತ್ತಿದರೆ ಇಡೀ ಸಾಲು ಹೋಗುತ್ತದೆ, ಅದನ್ನು ವಾಪಸು ತರುವ ಕೀ ಕಪ್ಪುಬಿಳುಪಿನ ಯಂತ್ರದಲ್ಲಿಲ್ಲ. ಆದ್ದರಿಂದ ದೊಡ್ಡ ಬದಲಾವಣೆಗೆ ಮುಂಚೆ ಪ್ರತಿ ಮಾಡಿಟ್ಟುಕೊಳ್ಳಿ. ಹೊಸ ಹೆಸರಿನ ಪ್ರೋಗ್ರಾಂ ತೆರೆದು, ಸೆಕೆಂಡ್ ಮತ್ತು ಎಸ್‌ಟಿಒ ಒತ್ತಿ, ಪಿಆರ್‌ಜಿಎಂ ಕೀಯಿಂದ ಎಕ್ಸಿಕ್ಯೂಟ್ ಪಟ್ಟಿಯಲ್ಲಿರುವ ಹಳೆಯ ಹೆಸರು ಆರಿಸಿ ಎಂಟರ್ ಒತ್ತಿದರೆ ಅದರ ಸಾಲುಗಳೆಲ್ಲ ಇಲ್ಲಿಗೆ ಬಂದು ಕೂರುತ್ತವೆ.

ಚಲನೆ: ಹವ್ಯಾಸ ಹಿಡಿಸುವುದು ಇಲ್ಲಿಂದ

ಕೀ ಒತ್ತಿದಂತೆ ಪರದೆಯ ಮೇಲೆ ಏನಾದರೂ ಓಡಾಡಿದರೆ ಯಂತ್ರ ಜೀವಂತವಾಗುತ್ತದೆ. ಅದಕ್ಕೆ ಎರಡೇ ಆಜ್ಞೆ ಸಾಕು. ಔಟ್‌ಪುಟ್ ಆಜ್ಞೆ ಹೇಳಿದ ಸಾಲು, ಹೇಳಿದ ಕಾಲಂನಲ್ಲಿ ಅಕ್ಷರ ಬರೆಯುತ್ತದೆ. ಹೋಂ ಸ್ಕ್ರೀನಿನಲ್ಲಿ 8 ಸಾಲು, 16 ಕಾಲಂ. ಗೆಟ್‌ಕೀ ಎಂಬುದು ಕಡೆಯದಾಗಿ ಒತ್ತಿದ ಕೀಯ ಸಂಖ್ಯೆ ಕೊಡುತ್ತದೆ. ಏನೂ ಒತ್ತಿರದಿದ್ದರೆ ಸೊನ್ನೆ. ಸಂಖ್ಯೆಯ ಹಿಂದೆ ಸರಳ ಲೆಕ್ಕವಿದೆ: ಕೀಲಿಮಣೆಯಲ್ಲಿ ಮೇಲಿನಿಂದ ಎಷ್ಟನೆಯ ಸಾಲೋ ಅದರ ಹತ್ತುಪಟ್ಟಿಗೆ, ಎಡದಿಂದ ಎಷ್ಟನೆಯ ಕೀಯೋ ಅದನ್ನು ಕೂಡಿಸುವುದು. ಸೆಕೆಂಡ್ ಕೀ 2ನೇ ಸಾಲಿನ 1ನೆಯದು, ಅದಕ್ಕೆ 21. ಕ್ಲಿಯರ್ 45, ಎಂಟರ್ 105. ಬಾಣಗಳು ಮಾತ್ರ ಗುಂಪಾಗಿರುವುದರಿಂದ ನೆನಪಿಟ್ಟುಕೊಳ್ಳಬೇಕು: ಎಡ 24, ಮೇಲೆ 25, ಬಲ 26, ಕೆಳಗೆ 34. ಆನ್ ಕೀಗೆ ಸಂಖ್ಯೆಯಿಲ್ಲ. ಅದನ್ನು ಒತ್ತಿದರೆ ಪ್ರೋಗ್ರಾಂ ನಿಂತು ಬ್ರೇಕ್ ಎರರ್ ತೋರಿಸುತ್ತದೆ. ಲೂಪಿನಲ್ಲಿ ಸಿಕ್ಕಿಹಾಕಿಕೊಂಡಾಗ ಹೊರಬರುವ ದಾರಿಯೂ ಅದೇ.

ಕ್ಲಿಯರ್‌ಹೋಮ್
4→ಎ
8→ಬಿ
ರಿಪೀಟ್ ಕೆ=45
ಔಟ್‌ಪುಟ್(ಎ,ಬಿ,"ಓ")
ಗೆಟ್‌ಕೀ→ಕೆ
ಇಫ್ ಕೆ
ದೆನ್
ಔಟ್‌ಪುಟ್(ಎ,ಬಿ," ")
ಎ+(ಕೆ=34)(ಎ<8)-(ಕೆ=25)(ಎ>1)→ಎ
ಬಿ+(ಕೆ=26)(ಬಿ<16)-(ಕೆ=24)(ಬಿ>1)→ಬಿ
ಎಂಡ್
ಎಂಡ್

ಇದರ ಜೀವಾಳ ಕಡೆಯ ಎರಡು ಉದ್ದದ ಸಾಲುಗಳು. ಟಿಐ-ಬೇಸಿಕ್‌ನಲ್ಲಿ ಹೋಲಿಕೆಯೂ ಒಂದು ಲೆಕ್ಕವೇ: ನಿಜವಾದರೆ 1, ಸುಳ್ಳಾದರೆ 0. ಕೆಳಬಾಣ ಒತ್ತಿದಾಗ ಕೆ=34 ಎಂಬುದು 1 ಆಗುತ್ತದೆ. ಎ ಇನ್ನೂ 8 ಮುಟ್ಟಿಲ್ಲದಿದ್ದರೆ ಎ<8 ಕೂಡ 1. ಎರಡನ್ನೂ ಗುಣಿಸಿದರೆ 1, ಎ ಒಂದು ಹೆಚ್ಚುತ್ತದೆ. ಈಗಾಗಲೇ 8ರಲ್ಲಿದ್ದರೆ ಗುಣಲಬ್ಧ ಸೊನ್ನೆ, ಅಕ್ಷರ ಅಲ್ಲೇ ನಿಲ್ಲುತ್ತದೆ. ಇದನ್ನೇ ಇಫ್‌ಗಳಲ್ಲಿ ಬರೆದರೆ ನಾಲ್ಕು ಇಫ್, ನಾಲ್ಕು ಆಜ್ಞೆ, ಒಟ್ಟು ಎಂಟು ಸಾಲು ಬೇಕು. ಪ್ರತಿ ಸುತ್ತಿನಲ್ಲೂ ಯಂತ್ರ ಅಷ್ಟನ್ನೂ ಓದಬೇಕು, ನಿಧಾನ ಕಣ್ಣಿಗೆ ಕಾಣುತ್ತದೆ. ಗಡಿ ಕಾಯುವ ಭಾಗವನ್ನು ಬಿಟ್ಟುಬಿಟ್ಟರೆ ಎ ಒಮ್ಮೆ 0 ಅಥವಾ 9 ಆಗಿ ಡೊಮೇನ್ ಎರರ್ ಬರುತ್ತದೆ.

ಕ್ಲಿಯರ್‌ಹೋಮ್ ಲೂಪಿನ ಹೊರಗಿರುವುದನ್ನು ಗಮನಿಸಿ. ಅದನ್ನು ಒಳಗಿಟ್ಟರೆ ಪ್ರತಿ ಸುತ್ತಿಗೂ ಇಡೀ ಪರದೆ ಅಳಿಸಿ ಮತ್ತೆ ಬರೆಯಬೇಕಾಗುತ್ತದೆ, ಅಕ್ಷರ ಮಿಣುಕುತ್ತದೆ. ಇಲ್ಲಿ ಕೀ ಒತ್ತಿದಾಗ ಮಾತ್ರ, ಹಳೆಯ ಜಾಗದ ಒಂದೇ ಅಕ್ಷರವನ್ನು ಖಾಲಿ ಜಾಗದಿಂದ ಮುಚ್ಚುತ್ತೇವೆ. ಬದಲಾದದ್ದನ್ನು ಮಾತ್ರ ಮತ್ತೆ ಬರೆಯುವ ಈ ಅಭ್ಯಾಸ ಮುಂದೆ ಯಾವ ಯಂತ್ರಕ್ಕೆ ಬರೆದರೂ ಕೈಬಿಡಬಾರದು.

ಬಾಣದ ಕೀಗಳನ್ನು, ಡೆಲ್ ಕೀಯನ್ನು ಒತ್ತಿ ಹಿಡಿದರೆ ಗೆಟ್‌ಕೀ ಅವನ್ನು ಮತ್ತೆ ಮತ್ತೆ ಕೊಡುತ್ತದೆ, ಬೇರೆ ಕೀಗಳನ್ನು ಒಂದೇ ಸಲ. ಎರಡು ಕೀ ಒಟ್ಟಿಗೆ ಒತ್ತಿದ್ದನ್ನು ಬೇಸಿಕ್‌ನಲ್ಲಿ ತಿಳಿಯಲಾಗದು. ಹಾಗಾಗಿ ಇಬ್ಬರು ಒಂದೇ ಕೀಲಿಮಣೆಯಲ್ಲಿ ಆಡುವ ಆಟ ಬೇಕೆಂದರೆ ಸರದಿಯ ಆಟವನ್ನೇ ಆರಿಸಿ. ಇನ್ನೊಂದು ಮಾತು: ಗೆಟ್‌ಕೀ ಲೂಪ್ ಓಡುತ್ತಿರುವಾಗ ಯಂತ್ರ ತಾನಾಗಿ ಆಫ್ ಆಗುವುದಿಲ್ಲ. ಆಟವನ್ನು ಹಾಗೇ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಸೆಲ್ ಇಳಿದಿರುತ್ತದೆ.

ಇದಕ್ಕೆ ಮೇಲಿನಿಂದ ಬೀಳುವ ಒಂದು ನಕ್ಷತ್ರ ಸೇರಿಸಿ, ನಿಮ್ಮ ಅಕ್ಷರವನ್ನು 8ನೇ ಸಾಲಿಗೆ ಕಟ್ಟಿಹಾಕಿ, ಕಾಲಂ ಹೊಂದಿದರೆ ಒಂದು ಅಂಕ ಕೊಡಿ: ಆಟ ಸಿದ್ಧ. ಆಗ ಒಂದು ಸಂಗತಿ ಎದುರಾಗುತ್ತದೆ. ಆಟದ ವೇಗ ಅಂದರೆ ಲೂಪಿನ ಒಂದು ಸುತ್ತಿಗೆ ಹಿಡಿಯುವ ಕಾಲ. ಅಂಕ ತೋರಿಸುವ ಸಾಲು ಸೇರಿಸಿದ ತಕ್ಷಣ ನಕ್ಷತ್ರ ನಿಧಾನವಾಗುತ್ತದೆ. ಅದೇ ಪ್ರೋಗ್ರಾಂ ಅನ್ನು 48 ಮೆಗಾಹರ್ಟ್ಸ್‌ನ ಸಿಇಗೆ ಹಾಕಿದರೆ ಆಡಲಾಗದಷ್ಟು ಜೋರಾಗಬಹುದು. ಅಲ್ಲಿ ಪರದೆಯೂ 10 ಸಾಲು, 26 ಕಾಲಂ ಆಗಿರುವುದರಿಂದ ಗಡಿಯ ಅಂಕಿಗಳನ್ನೂ ಬದಲಿಸಬೇಕು.

ಮೆಮೊರಿ ಎಲ್ಲಿ ಸೋರುತ್ತದೆ

ಒಂದು ಸಂಖ್ಯೆ ಹಿಡಿಯುವ ಜಾಗ 9 ಬೈಟ್. ದಶಮಾಂಶ ಅಂಕಿಗಳನ್ನೇ ನೇರವಾಗಿ, 14 ಅಂಕಿಯವರೆಗೆ, ಅದರಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ 0.1 ಅನ್ನು ಹತ್ತು ಸಲ ಕೂಡಿದರೆ ಇಲ್ಲಿ ಸರಿಯಾಗಿ 1 ಬರುತ್ತದೆ; ಸಾಮಾನ್ಯ ಕಂಪ್ಯೂಟರ್ ಭಾಷೆಗಳಲ್ಲಿ ಕಾಣುವ ದ್ವಿಮಾನದ ಸಣ್ಣ ವ್ಯತ್ಯಾಸ ಇಲ್ಲಿಲ್ಲ. ಬೆಲೆ ತೆರುವುದು ಜಾಗದಲ್ಲಿ. ಒಂದು ಪಟ್ಟಿಯಲ್ಲಿ 999 ಸಂಖ್ಯೆ ಇಡಬಹುದು, ಆದರೆ ಅಷ್ಟು ತುಂಬಿದ ಮೂರು ಪಟ್ಟಿ ರ್‍ಯಾಮನ್ನೆಲ್ಲ ನುಂಗಿಬಿಡುತ್ತವೆ. ಸೊನ್ನೆ ಅಥವಾ ಒಂದು ಮಾತ್ರ ಇಡಬೇಕಾದ ಕಡೆ ಪಟ್ಟಿ ದುಬಾರಿ, ಅಕ್ಷರಗಳ ಸ್ಟ್ರಿಂಗ್ ಅಗ್ಗ.

ವೇರಿಯಬಲ್‌ಗಳು 27: ಇಂಗ್ಲಿಷಿನ 26 ಅಕ್ಷರ, ಜೊತೆಗೆ ಥೀಟಾ. ಇವು ಎಲ್ಲ ಪ್ರೋಗ್ರಾಂಗಳಿಗೂ ಸೇರಿದ್ದು. ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆದರೆ, ಕರೆಸಿಕೊಂಡದ್ದು ಎ ಬದಲಿಸಿದರೆ ಕರೆದದ್ದರ ಎ ಕೂಡ ಬದಲಾಯಿತು. ಎಕ್ಸ್ ಮತ್ತು ವೈ ಅನ್ನು ಗ್ರಾಫ್ ಬರೆಯುವಾಗ ಯಂತ್ರವೇ ಬದಲಿಸುತ್ತದೆ, ಅಂಕ ಇಟ್ಟುಕೊಳ್ಳಲು ಅವನ್ನು ಬಳಸಬೇಡಿ. ಕರೆಸಿಕೊಂಡ ಪ್ರೋಗ್ರಾಂನ ಕೊನೆಯಲ್ಲಿ ಸ್ಟಾಪ್ ಹಾಕಿದರೆ ಕರೆದದ್ದೂ ಸೇರಿ ಎಲ್ಲವೂ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ರಿಟರ್ನ್.

ಲೇಬಲ್ ಎಂಬ ಗುರುತಿಟ್ಟ ಜಾಗಕ್ಕೆ ಹಾರಿಸುವ ಗೋಟು ಆಜ್ಞೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳೆಯ ಪ್ರೋಗ್ರಾಂಗಳನ್ನು ನೋಡಿ ಕಲಿಯುವವರೆಲ್ಲ ಇದರಲ್ಲಿ ಬೀಳುತ್ತಾರೆ. ದೆನ್, ಫಾರ್, ವೈಲ್, ರಿಪೀಟ್ ಬಂದಾಗಲೆಲ್ಲ ಯಂತ್ರ ಇದಕ್ಕೊಂದು ಎಂಡ್ ಬರಬೇಕು ಎಂದು ಮೆಮೊರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಎಂಡ್ ಸಿಕ್ಕಾಗ ಗುರುತು ಅಳಿಸುತ್ತದೆ. ಇಫ್, ದೆನ್ ಒಳಗಿನಿಂದ ಗೋಟು ಮೂಲಕ ಹಾರಿಹೋದರೆ ಎಂಡ್ ಸಿಗುವುದೇ ಇಲ್ಲ, ಗುರುತು ಹಾಗೇ ಉಳಿಯುತ್ತದೆ. ಪ್ರತಿ ಸುತ್ತಿಗೂ ಹೀಗಾದರೆ ಗುರುತುಗಳು ಗುಡ್ಡೆಯಾಗಿ, ಪ್ರೋಗ್ರಾಂ ಬರಬರುತ್ತ ನಿಧಾನವಾಗಿ, ಕೊನೆಗೆ ಮೆಮೊರಿ ಎರರ್ ಕೊಟ್ಟು ನಿಲ್ಲುತ್ತದೆ. ಆಟ ಶುರುವಿನಲ್ಲಿ ಚೆನ್ನಾಗಿದ್ದು ಹೊತ್ತು ಹೋದಂತೆ ತೆವಳತೊಡಗಿದರೆ ಮೊದಲ ಅನುಮಾನ ಇದರ ಮೇಲೆ. ಲೂಪಿನ ಹೊರಗೆ, ದೆನ್ ಇಲ್ಲದ ಒಂಟಿ ಇಫ್ ಮುಂದಿನ ಸಾಲಿನಲ್ಲಿ ಗೋಟು ಇದ್ದರೆ ಸೋರಿಕೆಯಿಲ್ಲ. ಆದರೂ ಗೋಟು ನಿಧಾನವೇ, ತನ್ನ ಲೇಬಲ್ಲನ್ನು ಪ್ರತಿ ಸಲವೂ ಪ್ರೋಗ್ರಾಂನ ಮೊದಲ ಸಾಲಿನಿಂದ ಹುಡುಕಿಕೊಂಡು ಬರುತ್ತದೆ.

ಸಾಲಿನ ಕೊನೆಯ ಆವರಣ, ಉದ್ಧರಣ ಚಿಹ್ನೆಗಳನ್ನು ಬಿಟ್ಟರೂ ಯಂತ್ರ ಒಪ್ಪುತ್ತದೆ, ಒಂದೊಂದು ಬೈಟ್ ಉಳಿಯುತ್ತದೆ. ಅನುಭವಿಗಳ ಪ್ರೋಗ್ರಾಂಗಳು ಅರ್ಧಕ್ಕೇ ನಿಂತಂತೆ ಕಾಣುವುದು ಅದಕ್ಕೇ. ಒಂದು ಕಡೆ ಮಾತ್ರ ಈ ಉಳಿತಾಯ ಬೇಡ: ಫಾರ್ ಸಾಲು. ಅದರ ಆವರಣ ಮುಚ್ಚದೆ, ಲೂಪಿನ ಮೊದಲ ಸಾಲೇ ದೆನ್ ಇಲ್ಲದ ಇಫ್ ಆಗಿದ್ದು, ಷರತ್ತು ಸುಳ್ಳಾಗುತ್ತಿದ್ದರೆ ಲೂಪ್ ವಿಪರೀತ ನಿಧಾನವಾಗುತ್ತದೆ. ಇದು ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ಓಎಸ್‌ನಲ್ಲಿರುವ ದೋಷ. ಆವರಣ ಮುಚ್ಚಿದರೆ ಸರಿಹೋಗುತ್ತದೆ.

ಚುಕ್ಕೆ ಚುಕ್ಕೆಯಾಗಿ ಚಿತ್ರ

ಹೋಂ ಸ್ಕ್ರೀನ್ ಅಕ್ಷರಗಳಿಗೆ, ಗ್ರಾಫ್ ಸ್ಕ್ರೀನ್ ಚುಕ್ಕೆಗಳಿಗೆ. ಪಿಕ್ಸೆಲ್-ಆನ್ ಆಜ್ಞೆ ಸೆಕೆಂಡ್, ಪಿಆರ್‌ಜಿಎಂ ಒತ್ತಿದರೆ ಬರುವ ಡ್ರಾ ಮೆನುವಿನಲ್ಲಿದೆ. ಅದಕ್ಕೆ ಮೊದಲು ಸಾಲು, ಆಮೇಲೆ ಕಾಲಂ ಕೊಡಬೇಕು. ಗಣಿತದ ಎಕ್ಸ್, ವೈ ಕ್ರಮಕ್ಕೆ ಇದು ಉಲ್ಟಾ, ಸಾಲು ಎಣಿಸುವುದೂ ಮೇಲಿನಿಂದ ಕೆಳಕ್ಕೆ. ಸಾಲು 0ರಿಂದ 62, ಕಾಲಂ 0ರಿಂದ 94. ಪೂರ್ಣಾಂಕವೇ ಆಗಿರಬೇಕು, ಇಲ್ಲದಿದ್ದರೆ ಡೊಮೇನ್ ಎರರ್.

ಎಫ್ಎನ್-ಆಫ್
ಆಕ್ಸಿಸ್-ಆಫ್
ಕ್ಲಿಯರ್‌ಡ್ರಾ
0→ಎ
47→ಬಿ
ಫಾರ್(ಐ,1,2000)
ರ್‍ಯಾಂಡ್‌ಇಂಟ್(0,2)→ಡಿ
.5(ಎ+62(ಡಿ≠1))→ಎ
.5(ಬಿ+47ಡಿ)→ಬಿ
ಪಿಕ್ಸೆಲ್-ಆನ್(ಇಂಟ್(ಎ),ಇಂಟ್(ಬಿ))
ಎಂಡ್

ತ್ರಿಕೋನದ ಮೂರು ಮೂಲೆಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿ, ಈಗಿರುವ ಜಾಗದಿಂದ ಅಲ್ಲಿಗೆ ಅರ್ಧ ದಾರಿ ನಡೆದು ಚುಕ್ಕೆ ಇಡುವುದು, ಇಷ್ಟೇ ಕೆಲಸ. ಡಿ 0 ಆದರೆ ಕೆಳಗಿನ ಎಡಮೂಲೆ, 1 ಆದರೆ ಮೇಲಿನ ತುದಿ, 2 ಆದರೆ ಕೆಳಗಿನ ಬಲಮೂಲೆ. ಮೊದಮೊದಲು ಚೆಲ್ಲಾಪಿಲ್ಲಿ ಚುಕ್ಕೆಗಳು. ನೋಡುನೋಡುತ್ತ ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಮತ್ತೆ ತ್ರಿಕೋನ ಮೂಡುತ್ತದೆ, ಸಿಯೆರ್ಪಿನ್‌ಸ್ಕಿ ತ್ರಿಕೋನ. ಇದು ನಿಧಾನದ ಪ್ರೋಗ್ರಾಂ, ಆ ನಿಧಾನದಲ್ಲೇ ಆಕಾರ ಹುಟ್ಟುವುದನ್ನು ಕಾಣಬಹುದು. ಎ, ಬಿ ತುದಿಯಿಂದಲೇ ಶುರುವಾಗಿರುವುದಕ್ಕೆ ಕಾರಣ, ಬೇರೆಲ್ಲಿಂದಲೋ ಶುರುಮಾಡಿದರೆ ಮೊದಲ ಕೆಲವು ಚುಕ್ಕೆಗಳು ಆಕಾರದ ಹೊರಗೆ ಬೀಳುತ್ತವೆ.

ಯಂತ್ರದಲ್ಲಿ ಕನ್ನಡ ಅಕ್ಷರಗಳಿಲ್ಲ. ಚೌಕಳಿ ಹಾಳೆಯ ಮೇಲೆ 'ಕ' ಬರೆದು, ಕಪ್ಪಾಗಬೇಕಾದ ಮನೆಗಳ ಸಾಲನ್ನು ಒಂದು ಪಟ್ಟಿಯಲ್ಲಿ, ಕಾಲಂ ಅನ್ನು ಇನ್ನೊಂದರಲ್ಲಿ ಇಟ್ಟು, ಫಾರ್ ಲೂಪಿನಿಂದ ಚುಕ್ಕೆ ಹಚ್ಚಿದರೆ ಕನ್ನಡ ಪರದೆಯ ಮೇಲೆ ಬರುತ್ತದೆ. ನಮ್ಮ ಅಕ್ಷರಗಳ ಗುಂಡಗಿನ ತಿರುವುಗಳಿಗೆ 7 ಚುಕ್ಕೆ ಎತ್ತರ ಸಾಲದು. 12ರಿಂದ 16 ಇಟ್ಟುಕೊಂಡರೆ ತಲೆಕಟ್ಟೂ ಒತ್ತೂ ಗುರುತು ಸಿಗುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಎರಡನೇ ವಾರದ ಕೆಲಸವಿಲ್ಲ.

ಬರೆದದ್ದನ್ನು ಕಾಪಾಡಿಕೊಳ್ಳುವುದು

ಪ್ರೋಗ್ರಾಂ ಹುಟ್ಟುವುದು ರ್‍ಯಾಮಿನಲ್ಲಿ. ಯಂತ್ರ ಹೆಪ್ಪುಗಟ್ಟಿದರೆ, ಸೆಲ್ ತೆಗೆದು ಹಾಕಿದರೆ ರ್‍ಯಾಮ್ ಕ್ಲಿಯರ್ಡ್ ಎಂಬ ಮಾತು ಕಾಣಿಸಿ ಎಲ್ಲವೂ ಹೋಗಬಹುದು. ಸೆಕೆಂಡ್ ಮತ್ತು ಕೂಡು ಕೀ ಒತ್ತಿ ಮೆಮೊರಿ ಮೆನುವಿನಲ್ಲಿ 5ನೆಯದಾದ ಆರ್ಕೈವ್ ಆರಿಸಿ ಪ್ರೋಗ್ರಾಂ ಹೆಸರು ಕೊಟ್ಟರೆ ಅದು ಫ್ಲ್ಯಾಶ್‌ಗೆ ಹೋಗುತ್ತದೆ, ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಬರುತ್ತದೆ. ಕಪ್ಪುಬಿಳುಪಿನ ಯಂತ್ರದಲ್ಲಿ ಆರ್ಕೈವ್ ಆದದ್ದನ್ನು ಓಡಿಸಲು ಹೋದರೆ ಆರ್ಕೈವ್ಡ್ ಎರರ್ ಬರುತ್ತದೆ. ಅನ್‌ಆರ್ಕೈವ್ ಮಾಡಿ ಓಡಿಸಬೇಕು.

ಕಂಪ್ಯೂಟರಿಗೆ ಕಳಿಸಲು ಟಿಐ ಕನೆಕ್ಟ್ ಸಿಇ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಲಿನಕ್ಸ್‌ನಲ್ಲಿ ಟಿಐಎಲ್‌ಪಿ. ಕಂಪ್ಯೂಟರ್ ಯಂತ್ರವನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಚಾರ್ಜ್ ಮಾತ್ರ ಮಾಡುವ ಮಿನಿ ಯುಎಸ್‌ಬಿ ಕೇಬಲ್‌ಗಳು ಬಹಳ ಇವೆ. ಪ್ರೋಗ್ರಾಂ ಫೈಲಿನ ಹೆಸರು 8ಎಕ್ಸ್‌ಪಿ ಎಂದು ಕೊನೆಯಾಗುತ್ತದೆ. ಅದು ಟೋಕನ್‌ಗಳ ಫೈಲ್, ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದು. ದೊಡ್ಡ ಪ್ರೋಗ್ರಾಂಗಳನ್ನು ಟಿಐ ಕನೆಕ್ಟ್ ಸಿಇಯ ಎಡಿಟರಿನಲ್ಲಿ ಅಥವಾ ಸೆಮೆಟೆಕ್ ತಾಣದ ಸೋರ್ಸ್‌ಕೋಡರ್‌ನಲ್ಲಿ ಕಂಪ್ಯೂಟರಿನಲ್ಲೇ ಬರೆಯಬಹುದು. ಆದರೆ ಮೊದಲ ಕೆಲವನ್ನು ಯಂತ್ರದ ಕೀಗಳಲ್ಲೇ ಬರೆಯಿರಿ. ಯಾವ ಆಜ್ಞೆ ಯಾವ ಮೆನುವಿನಲ್ಲಿದೆ ಎಂದು ಕೈಗೆ ಗೊತ್ತಾಗುವುದು ಹಾಗೆಯೇ. ಬೇರೆಯವರು ಬರೆದದ್ದನ್ನು ಓದಲು 1996ರಿಂದ ಇರುವ ಟಿಐಕ್ಯಾಲ್ಕ್ ಸಂಗ್ರಹ ಒಳ್ಳೆಯದು.

ಶಾಲೆಯ ಪರೀಕ್ಷೆಗೂ ಇದೇ ಯಂತ್ರವಾದರೆ ಅಲ್ಲಿನ ನಿಯಮ ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಪರೀಕ್ಷೆಗೆ ಮುಂಚೆ ಮೆಮೊರಿ ಅಳಿಸಿಸುತ್ತಾರೆ.

ಬೇಸಿಕ್‌ನ ಆಚೆಗೆ

ಬೇಸಿಕ್ ನಿಧಾನ, ಏಕೆಂದರೆ ಪ್ರತಿ ಟೋಕನ್ನನ್ನೂ ಪ್ರತಿ ಸಲವೂ ಓಎಸ್ ಓದಿ ಅರ್ಥಮಾಡಿಕೊಳ್ಳಬೇಕು. ಝಡ್80ಗೆ ನೇರವಾಗಿ ಅದರದೇ ಬೈಟ್‌ಗಳನ್ನು ಕೊಟ್ಟರೆ ಆ ಹೊರೆ ಇಲ್ಲ. ಕಂಪ್ಯೂಟರ್ ಇಲ್ಲದೆಯೇ ಇದನ್ನು ಮಾಡಿ ನೋಡಬಹುದು. ಹೊಸ ಪ್ರೋಗ್ರಾಂ ತೆರೆದು, ಮೊದಲ ಸಾಲಿಗೆ ಎಎಸ್‌ಎಂ-ಪ್ರೋಗ್ರಾಂ ಎಂಬ ಟೋಕನ್ ಹಾಕಿ. ಅದು ಸೆಕೆಂಡ್, ಸೊನ್ನೆ ಒತ್ತಿದರೆ ಬರುವ ಕ್ಯಾಟಲಾಗ್‌ನಲ್ಲಿದೆ. ಎರಡನೇ ಸಾಲಿಗೆ ಹೀಗೆ ಬರೆಯಿರಿ:

ಇಎಫ್4045ಸಿ9

ಹೋಂ ಸ್ಕ್ರೀನಿಗೆ ಬಂದು, ಅದೇ ಕ್ಯಾಟಲಾಗ್‌ನಿಂದ ಎಎಸ್‌ಎಂ ಆಜ್ಞೆ ತಂದು, ಆವರಣದೊಳಗೆ ಪ್ರೋಗ್ರಾಂ ಹೆಸರು ಕೊಟ್ಟು ಎಂಟರ್ ಒತ್ತಿ. ಪರದೆ ಅಳಿಸಿಹೋಗುತ್ತದೆ. ಬರೆದದ್ದು ನಾಲ್ಕೇ ಬೈಟ್, ಹದಿನಾರರ ಮೂಲಮಾನದಲ್ಲಿ. ಇಎಫ್ ಅಂದರೆ ಓಎಸ್‌ನ ಒಳಗಿನ ಒಂದು ಕೆಲಸವನ್ನು ಕರೆ ಎಂಬ ಆಜ್ಞೆ. ಯಾವ ಕೆಲಸ ಎಂಬುದರ ಸಂಖ್ಯೆ 4540, ಪರದೆ ಅಳಿಸುವುದು. ಝಡ್80 ಕೆಳಸ್ಥಾನದ (ಬಲಗಡೆಯ) ಬೈಟನ್ನು ಮೊದಲು ಓದುವುದರಿಂದ ಅದನ್ನು 40, 45 ಎಂದು ತಿರುಗಿಸಿ ಬರೆಯಬೇಕು. ಸಿ9 ಅಂದರೆ ಕರೆದವರ ಬಳಿಗೆ ವಾಪಸು ಹೋಗು. ಈ ಸಿ9 ಮರೆತರೆ ಪ್ರೊಸೆಸರ್ ನಿಮ್ಮ ಪ್ರೋಗ್ರಾಂನ ಆಚೆ ಏನಿದೆಯೋ ಅದನ್ನೇ ಆಜ್ಞೆ ಎಂದು ಓದುತ್ತ ಹೋಗಿ ಯಂತ್ರ ಹೆಪ್ಪುಗಟ್ಟುತ್ತದೆ. ಆಗ ಒಂದು ಸೆಲ್ ತೆಗೆದು ಹಾಕಬೇಕು. ಯಂತ್ರಕ್ಕೆ ಸಾಮಾನ್ಯವಾಗಿ ಪೆಟ್ಟಾಗುವುದಿಲ್ಲ, ರ್‍ಯಾಮ್ ಹೋಗುತ್ತದೆ. ಎರಡು ಬೈಟ್ ಅದಲುಬದಲಾದರೂ ಇದೇ ಗತಿ. ಹಾಗಾಗಿ ಹೀಗೆ ಪ್ರೊಸೆಸರಿನದೇ ಆಜ್ಞೆಗಳಲ್ಲಿ ಬರೆಯುವ ಅಸೆಂಬ್ಲಿಗೆ ಕೈಹಾಕುವ ಮುಂಚೆ ಬೇಕಾದದ್ದನ್ನೆಲ್ಲ ಆರ್ಕೈವ್ ಮಾಡಿ. ದೊಡ್ಡದನ್ನು ಹೀಗೆ ಕೈಯಿಂದ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ, ಆಜ್ಞೆಗಳನ್ನು ಇಂಥ ಬೈಟ್ ಆಗಿಸುವ ಅಸೆಂಬ್ಲರ್ ಇಟ್ಟುಕೊಂಡು, ಮೊದಲು ಎಮ್ಯುಲೇಟರಿನಲ್ಲಿ ಓಡಿಸಿ ನೋಡಿ, ಆಮೇಲೆ ಯಂತ್ರಕ್ಕೆ ಹಾಕುತ್ತಾರೆ.

ಬಣ್ಣದ ಸಿಇಯಲ್ಲಿ ಪರಿಸ್ಥಿತಿ ಬೇರೆ. ಅದರ ಇಝಡ್80 ಪ್ರೊಸೆಸರಿಗೆ ಹವ್ಯಾಸಿಗಳೇ ಕಟ್ಟಿದ ಸಿ ಭಾಷೆಯ ಒಳ್ಳೆಯ ಸಲಕರಣೆ ಇದೆ, 154 ಕೆಬಿ ರ್‍ಯಾಮ್ ಇದೆ. ಆದರೆ 2020ರಲ್ಲಿ ಟಿಐ ತನ್ನ ಹೊಸ ಓಎಸ್‌ಗಳಿಂದ ಅಸೆಂಬ್ಲಿ ಮತ್ತು ಸಿ ಪ್ರೋಗ್ರಾಂ ಓಡಿಸುವ ಸೌಲಭ್ಯವನ್ನು ತೆಗೆದುಹಾಕಿತು. ಪರೀಕ್ಷೆಗಳ ಭದ್ರತೆಗಾಗಿ ಎಂಬುದು ಅದರ ವಾದ. ಕಲಿಯಲೆಂದೇ ಕೊಂಡ ಯಂತ್ರದ ಒಳಬಾಗಿಲನ್ನು ಕಲಿಯುವವರಿಗೇ ಮುಚ್ಚಿದ್ದು ದುಃಖದ ಸಂಗತಿ. ಹವ್ಯಾಸಿಗಳು ಅದೇ ವರ್ಷ ಅದಕ್ಕೊಂದು ಸುತ್ತುದಾರಿ ಕಂಡುಕೊಂಡರು. ಆದರೂ ಸಿಇ ಕೈಯಲ್ಲಿದ್ದವರು ಕಂಪ್ಯೂಟರಿಗೆ ಜೋಡಿಸಿದಾಗ ಬರುವ ಓಎಸ್ ಅಪ್‌ಡೇಟ್ ಸೂಚನೆಗೆ ತಕ್ಷಣ ಒಪ್ಪಿಗೆ ಕೊಡಬೇಡಿ. ಮೊದಲು ಮೆಮೊರಿ ಮೆನುವಿನ ಅಬೌಟ್‌ನಲ್ಲಿ ಈಗಿರುವ ಆವೃತ್ತಿ ಯಾವುದೆಂದು ನೋಡಿ ಬರೆದಿಟ್ಟುಕೊಳ್ಳಿ. 84 ಪ್ಲಸ್ ಸಿಇಯಲ್ಲಿ ಒಮ್ಮೆ ಹೊಸದಕ್ಕೆ ಹೋದರೆ ಹಳೆಯ ಓಎಸ್‌ಗೆ ಮರಳುವುದು ಸುಲಭವಿಲ್ಲ.